ಕೀಲಿ ಹಾಕೇತಿ, ಮೂರನೇ ಭೇಟಿ

ಒಂದು ಫಾರ್ಮಿಗೆ ಇಪ್ಪತ್ತೆರಡು ರೂಪಾಯಿ.
ಅರ್ಧಕ್ಕ ನಿಂತ ಫಾರ್ಮಿಗೆ ಏನೂ ಇಲ್ಲ.
ಹಂಗಾಗಿ ಬೆಟಗೇರಿ ಓಣ್ಯಾಗ
ನಾನು ಯಾರನ್ನೂ ಅರ್ಧಕ್ಕ ಬಿಡಾಕಿ ಅಲ್ಲ.

ಚಾವಣಿ ಯಾವುದು, ಇದು ಮೊದಲ ಪ್ರಶ್ನಿ.
ತಗಡು ಒಂದು, ಹಂಚು ಎರಡು, ಆರ್‌ಸಿಸಿ ಮೂರು.
ಮೇಲ್ಮುದ್ದಿಗೆ ನಂಬರ್ ಇಲ್ಲ.
ಮುತ್ತಜ್ಜ ತುಳಿದ ಮಣ್ಣು, ಮಣ್ಣಿನ ಮ್ಯಾಲ ಹುಲ್ಲು,
ಹುಲ್ಲಿನ ಮ್ಯಾಲ ಒಂದು ಆಡು ನಿಂತು ನನ್ನ ನೋಡತೈತಿ.
'ಇತರೆ' ಒತ್ತತೇನಿ.
ಆಡು ಆ ಕಡೆ ಹೊಳ್ಳತೈತಿ.

ಮಾತೃಭಾಷೆ? ಅಂದೆ ಫಕೀರಸಾ ಬಾಕಳೆಗೆ.
ಮಗ್ಗದ ಕುಣಿಯೊಳಗಿಂದ ತಲಿ ಎತ್ತಿದರು:
'ಗಿರಾಕಿ ಜೋಡಿ ಕನ್ನಡ, ಅಂಬಾಭವಾನಿ ಜೋಡಿ ಮರಾಠಿ,
ಹೆಂಡತಿ ಜೋಡಿ ನಮ್ಮ ಖತ್ರಿ,
ಬ್ಯಾಂಕಿನವನ ಜೋಡಿ ಸುಮ್ಮ.'
ಆಪ್ ಒಂದಕ್ಕಷ್ಟ ಒಪ್ಪತೈತಿ.
ಅಷ್ಟರಾಗ ಒಳಗಿಂದ ಹೆಂಡತಿ ಏನೋ ಒದರಿದರು.
'ಅದನ್ನ ಬರಕೋರಿ' ಅಂದರು ಫಕೀರಸಾ.

ಒದರಿದಾಕಿ ರುಕ್ಮಾಬಾಯಿ. ಉದ್ಯೋಗ?
'ನಂದೇನ ತಂಗಿ, ಸುಮ್ಮ ಕುಂತಿರತೇನಿ'
ಅನಕೋತ ರಾಟಿ ತಿರುವಿ ಹನ್ನೊಂದು ಕಂಡಿಕಿ ಸುತ್ತಿದಳು.
ಎಣಿಸೂದು ನನ್ನ ಕೆಲಸ, ಎಣಿಸಿದೆ.
ಹೇಳಿದ್ದನ್ನಷ್ಟ ಬರೀರಿ ಅಂತ ಟ್ರೇನಿಂಗ್‌ನ್ಯಾಗ ಹೇಳ್ಯಾರ.
ಒಂಬತ್ತು ಒತ್ತಿದೆ: ಕೆಲಸ ಇಲ್ಲ.
ಹನ್ನೆರಡನೇದು ಅರ್ಧಕ್ಕ ಬಿಟ್ಟು
ಆಕಿ ನನಗ ಚಾ ಕಾಸಾಕ ಎದ್ದಳು.

ಆಚೀ ಮನ್ಯಾಗ ಫ್ರಿಜ್ ಐತೇನ್ರಿ ಅಂದರ 'ಇಲ್ಲವಾ.'
ಮೂಲ್ಯಾಗ ದುಪ್ಪಟಿ ಹೊಚ್ಚಿಕೊಂಡು ನಿಂತಿದ್ದ ಆ 'ಇಲ್ಲ'
ಗುಂಯ್ ಅಂತು.
ಇಬ್ಬರೂ ಕೇಳಿದಿವಿ.
ರೇಷನ್ ಕಾರ್ಡ್ ಹೋದೀತು ಅಂತ ಆಕಿ ಕಣ್ಣು.
ಇಲ್ಲ ಅಂತ ಬರಕೊಂಡೆ.
ಕುಡಿಯಾಕ ತಣ್ಣನ್ನ ನೀರು ಕೊಟ್ಟಳು.

ನಳಾ ಎಷ್ಟು ದಿನಕ್ಕೊಮ್ಮೆ ಬರತೈತಿ?
ಇಡೀ ಕಟ್ಟಿ ನಕ್ಕಿತು.
'ಬಂದಾಗ ಹೇಳತೇವಿ, ಅಲ್ಲೀತನಾ ಇಲ್ಲೇ ಇರು.'

ಮಲಕಾಜಪ್ಪಜ್ಜನ ವಯಸ್ಸು?
'ಸಣ್ಣ ಗಾಡಿ ಹಳಿ ಕಿತ್ತು ದೊಡ್ಡ ಗಾಡಿ ಹಳಿ ಹಾಕೂಮುಂದ
ನನ್ನ ಹಲ್ಲು ಎಲ್ಲಾ ಇದ್ದುವು.'
ಹಲ್ಲಿನಿಂದ ವರ್ಷ ತಗಿಯೂ ಲೆಕ್ಕ ನಮಗ ಕಲಿಸಿಲ್ಲ.
'ಗೊತ್ತಿಲ್ಲ' ಅನ್ನೂದಕ್ಕ ನಂಬರ್ ಐತಿ, ತೊಂಬತ್ತೆಂಟು.
ನೋಡಿದರ ಅಜ್ಜಗ ಅಷ್ಟ ಆಗಿರಬೇಕು.

ನಾಕಕ್ಕ ದಾವಲಸಾಬನ ಜೋಡಿ ಒಂದು ಚಾ, ಎರಡು ಬಸಿ.
ಆತನ ವಾರ್ಡು ಬ್ಯಾರೆ, ಕಾಲುನೋವು ಅದ.
ಕೀಲಿ ಹಾಕಿದ ಮನಿಗೆ ಮೂರು ಸಲ ಹೋಗಬೇಕು,
ಮೂರನೇ ಸಲ ಚೀಟಿ ಅಂಟಿಸಿ ಕೈ ತೊಳಕೋಬೇಕು.
'ಒಂದು ಮನಿ ಐತಿ ಅಕ್ಕಾ, ಯಾವಾಗ ಹೋದರೂ ಕೀಲಿ.
ಹೊಸ್ತಿಲದಾಗ ರಂಗೋಲಿ ಇರತೈತಿ, ಮಂದಿ ಇರಂಗಿಲ್ಲ.
ದೆವ್ವ ಇದ್ದೀತು.'
ನಕ್ಕಿವಿ. ಬಿಸ್ಕೀಟು ಮುರಿದು ದೊಡ್ಡ ತುಂಡು ನನಗ ಕೊಟ್ಟ.
ನಿಮ್ಮ ಮನಿ ಎಲ್ಲಿ ಅಂತ
ಆತ ಕೇಳಿಲ್ಲ, ನಾನೂ ಕೇಳಿಲ್ಲ.
ಆ ಪ್ರಶ್ನಿಗೆ ನಮಗ ಯಾರೂ ರೊಕ್ಕ ಕೊಡಂಗಿಲ್ಲ.

ಬಸ್ ಇಳಿದು ಹುಡ್ಕೋ ಕಾಲನಿಗೆ ಬರೂದ್ರಾಗ ಕತ್ತಲಿ, ಕರೆಂಟ್ ಇಲ್ಲ.
ಫೋನಿನ ಬೆಳಕಿನ್ಯಾಗ ನನ್ನ ಬಾಗಿಲಕ್ಕ ಒಂದು ಹಳದಿ ಚೀಟಿ.
ದಾವಲಸಾಬ ಬರದ ಮೂರು, ಬಾಲ ಉದ್ದ,
ಸಾವಿರದಾಗ ಇಟ್ಟರೂ ಗುರುತು ಹಿಡೀತೇನಿ.
ಕೀಲಿ ಹಾಕೇತಿ. ಮೂರನೇ ಭೇಟಿ. ಮುಗೀತು.
ಮುಂಜಾನೆ ನಾನ ಹಾಕಿದ ರಂಗೋಲಿ
ಆತನ ಚಪ್ಪಲಿಗೆ ಒಂದು ಕಡೆ ಅಳಿಸಿತ್ತು.

ಕೀಲಿಕೈ ಕೈಯಾಗ ಇತ್ತು.
ಆದರ ಬೆರಳು ರೂಢಿ ಬಿಡಲಿಲ್ಲ, ಎರಡು ಸಲ ಬಡದುವು.
ಬಾಜೂ ಮನಿಗೆ ಹೊಸದಾಗಿ ಬಂದವರ ಹುಡುಗಿ
ಕತ್ತಲದಾಗ ಇಣುಕಿ ಅಂದಳು,
'ಅಲ್ಲಿ ಯಾರೂ ಇರಂಗಿಲ್ರಿ.'
'ಎಷ್ಟು ಮಂದಿ ಅದಾರವಾ ಆ ಮನ್ಯಾಗ?'
ನಾನ ಕೇಳಿಬಿಟ್ಟಿದ್ದೆ.
'ಗೊತ್ತಿಲ್ರಿ' ಅಂತು ಕೂಸು.

ತೊಂಬತ್ತೆಂಟು.