ಒಂಬತ್ತರ ಅಂಗಿ

ಉರುಗ್ವೆ ಹೊಳೆದಂಡೆಯ ಪೈಸಾಂದುವಿನಲ್ಲಿ
ಕ್ಲಬ್ಬಿನ ಬಟ್ಟೆ ಒಗೆಯುವವಳು ನಾನು, ಎರ್ಮೆಲಿಂದಾ.
ಆಟ ನೋಡಿದ್ದು ಕಡಿಮೆ. ಅಂಗಿ ನೋಡಿ ಹೇಳುತ್ತೇನೆ.

ವಾಲ್ದೆಮಾರ್ ಬಂದಾಗ ಹದಿನೇಳು.
ಒಂಬತ್ತರ ಅಂಗಿ ಭುಜದಿಂದ ಜಾರುತ್ತಿತ್ತು,
ಅಣ್ಣನದನ್ನು ತೊಟ್ಟ ತಮ್ಮನ ಹಾಗೆ.
ಮೊದಲ ಭಾನುವಾರವೇ ಎದೆಯ ತುಂಬ ಹುಲ್ಲಿನ ಹಸಿರು:
ಗೋಲು ಹೊಡೆದು ಬೋರಲು ಜಾರಿದನಂತೆ.
ಅದನ್ನು ಬಿಡಿಸಲು ನಿಂಬೆ, ಉಪ್ಪು, ಮೂರು ನೀರು.
ಬೈದುಕೊಂಡೇ ಉಜ್ಜಿದೆ. ಸುಳ್ಳು. ಹಾಡಿಕೊಂಡೇ.

ಆಮೇಲೆ ಕಡಲಾಚೆಗೆ ಮಾರಿದರು ಅವನನ್ನು,
ಎಷ್ಟಕ್ಕೆಂದು ಪತ್ರಿಕೆಯಲ್ಲಿ ಬಂತು.
ಹೋರಿಯ ಹಲ್ಲು ಎಣಿಸಿದ ಹಾಗೆ
ಮೊಣಕಾಲು ಒತ್ತಿ ನೋಡಿದರಂತೆ ಡಾಕ್ಟರುಗಳು.
ಹನ್ನೊಂದು ವರ್ಷ. ಯಾರು ಒಗೆದರೋ.
ಅಲ್ಲಿ ಯಂತ್ರವಿರಬೇಕು. ಯಂತ್ರಕ್ಕೇನು ಗೊತ್ತು,
ತಾನೇ ಬಿದ್ದ ಕಲೆ ಯಾವುದು, ಯಾರೋ ಕೆಡವಿದ್ದು ಯಾವುದು.

ವಾಪಸು ಬಂದ. ಅದೇ ನಂಬರು, ಈಗ ಹೊಟ್ಟೆಯ ಬಳಿ ಬಿಗಿ.
ಮುಲಾಮಿನ ಘಾಟು, ಕಾಲುಚೀಲದಲ್ಲಿ ಬ್ಯಾಂಡೇಜಿನ ಎಳೆ.
ಮೊದಮೊದಲು ಚಡ್ಡಿಗೆ ಕೆಸರಾದರೂ ಇತ್ತು;
ಆಮೇಲೆ ಬರೀ ಬೆವರು;
ಆಮೇಲೆ ಬೆವರೂ ಇಲ್ಲ, ಹಿಂಬದಿಗೆ
ಬೆಂಚಿನ ನೀಲಿ ಬಣ್ಣದ ಪುಡಿ.

ಕೊನೆಯ ಭಾನುವಾರದ ಬುಟ್ಟಿಯಲ್ಲಿ
ಒಂಬತ್ತು ಮಡಿಕೆ ಬಿಚ್ಚದೆ ಬಂತು.
ನಾನು ಹಾಕಿದ ಇಸ್ತ್ರಿಯ ಗೆರೆ ಹಾಗೇ ಇತ್ತು.

ಒಗೆಯುವುದೇನೂ ಇರಲಿಲ್ಲ.
ಆದರೂ ನೆನೆಹಾಕಿದೆ, ನಿಂಬೆ ಹಿಂಡಿದೆ,
ಮೂರು ನೀರೂ ಕೊಟ್ಟೆ.
ಹೊಳೆಯ ಕಡೆಯ ಹಗ್ಗಕ್ಕೆ ಹರವಿದೆ.

ಗಾಳಿ ಬಂತು. ಅಂಗಿಯೊಳಗೆ ಹೊಕ್ಕು, ಎದೆಯುಬ್ಬಿಸಿ,
ಎರಡು ತೋಳೂ ಮೇಲೆತ್ತಿತು.