ಏಳನೆಯ ಕಾಲಂ

ಕುಶಾಲನಗರದಿಂದ ಸೀಲು ಬಂತು, ಇಂಕಿನ ಡಬ್ಬಿ ಸಮೇತ.
ಒತ್ತಿ ನೋಡಿದರೆ
‘ಸಂತ ದುಡಿಮೆಗಾರರ ಸಂಘ, ಸುಂಟಿಕೊಪ್ಪ’.
‘ಸ್ವಂತ’ದ ಕಾಲಡಿಯ ಒತ್ತು
ದಾರಿಯಲ್ಲೆಲ್ಲೋ ಬಿದ್ದುಹೋಗಿದೆ.
ಪೌಲಿ ನಕ್ಕ: ಇರಲಿ ಬಿಡಿ ಕಾರ್ಯದರ್ಶಿಗಳೇ,
ಬಾಕಿ ಕೇಳಲು ಹೋದಾಗೆಲ್ಲ
ಧಣಿಗಳು ನಮ್ಮನ್ನು ಸಂತರೆಂದೇ ತಿಳಿಯುವುದು.

ರೇಷನ್ ಅಂಗಡಿಯ ಮೇಲಿನ ಕೋಣೆ,
ಕುರ್ಚಿ ಐದು, ಸದಸ್ಯರು ಮೂವತ್ತೊಂದು.
ವೈರಿಂಗಿನ ಪೌಲಿ, ಬಾವಿ ತೋಡುವ ಮೊಯ್ದು,
ಗಂಡನ ಕರಣೆಯ ಜೊತೆಗೆ
ಅವನ ಗಿರಾಕಿಗಳನ್ನೂ ಉಳಿಸಿಕೊಂಡ ಗಾರೆಯ ಸೆಲ್ವಿ,
ಮದುವೆ ಅಡಿಗೆಯ ಬೆಳ್ಯಪ್ಪ,
ತಕ್ಕಡಿ ರಿಪೇರಿಯ ಗೌಸ್,
ಪಂಪ್‌ಸೆಟ್ಟಿನ ನಾನು.
ಯಾರ ಹಾಜರಿ ಪುಸ್ತಕದಲ್ಲೂ ಇಲ್ಲದವರು.
ಬೆಳಿಗ್ಗೆ ನಮಗೆ ನಾವೇ ಕೆಲಸ ಹೇಳಿ
ಸಂಜೆ ನಮ್ಮನ್ನು ನಾವೇ ಬೈದುಕೊಳ್ಳುವವರು.

ಹೂಮಳೆ ಮುಗಿದ ವಾರ
ಮರಗಸಿಯ ಐತಪ್ಪ ಬಳಂಜಿ ಮರದಿಂದ ಬಿದ್ದ.
ಮೂವತ್ತಡಿ.
ಕೆಳಗೆ ರೊಬಸ್ಟಾ ಗಿಡವಿತ್ತು, ಬೆನ್ನು ಉಳಿಯಿತು,
ಕಾಲು ಎರಡು ಕಡೆ ಮುರಿಯಿತು.
ತೋಟದ ರೈಟರ್ ಅಂದ:
ಅವನು ನಮ್ಮ ಆಳಲ್ಲ, ಕಂಟ್ರಾಕ್ಟುದಾರ.
ಮಡಿಕೇರಿಯ ಕಚೇರಿಯಲ್ಲಿ ಅಂದರು:
ಕಂಟ್ರಾಕ್ಟುದಾರ ಅಂದರೆ ಆತನೇ ಮಾಲೀಕ,
ಮಾಲೀಕರಿಗೆಲ್ಲಿಯ ಪರಿಹಾರ?
ಆ ಮಾತಿಗೂ ಈ ಮಾತಿಗೂ ನಡುವೆ ಎಷ್ಟಡಿಯೋ,
ಐತಪ್ಪ ಇನ್ನೂ ಬೀಳುತ್ತಲೇ ಇದ್ದ.

ಕೊನೆಗೊಂದು ಫಾರಂ ಕೊಟ್ಟರು.
ಏಳನೆಯ ಕಾಲಂ: ಮಾಲೀಕರ ಹೆಸರು.
ಖಾಲಿ ಬಿಟ್ಟರೆ ವಾಪಸು.
ಆ ರಾತ್ರಿ ಮೀಟಿಂಗು ಹತ್ತೂವರೆ ತನಕ.
ದೇವರ ಹೆಸರು ಬರೆಯಿರಿ, ಅಂದ ಮೊಯ್ದು.
ಸಹಿ ಯಾರು ಹಾಕ್ತಾರೆ, ಅಂದ ಬೆಳ್ಯಪ್ಪ.
ಸೆಲ್ವಿ ಅಂದಳು, ನನ್ನ ಫಾರಂ ಆಗಿದ್ದರೆ
ಮಗಳ ಹೆಸರು ಬರೀತಿದ್ದೆ,
ಫೀಜು ಫೀಜು ಅಂತ ದಿನಾ ಕೆಲಸಕ್ಕೆ ಓಡಿಸೋಳು ಅವಳೇ.
ನಾನು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೆ.
ಮತ್ತೆ ಮುಚ್ಚಿದೆ.

ಆಸ್ಪತ್ರೆಯಲ್ಲಿ ಐತಪ್ಪ ಕೇಳಿದ್ದು ಒಂದೇ:
ಏಣಿ ಬಂತಾ?

ಏಣಿ ತೋಟದಲ್ಲೇ ಇತ್ತು, ಬಳಂಜಿಗೆ ಒರಗಿ.
ಒಂಟಿ ಬಿದಿರು, ನಲವತ್ತಡಿ, ಗಿಣ್ಣಿಗೊಂದು ಗೂಟ;
ಅವನೇ ಆಯ್ದು, ಕಡಿದು, ಹೊಗೆಗಿಟ್ಟು ಹದ ಮಾಡಿದ್ದು.
ಮುಂಗಡ ತಗೊಂಡಿದ್ದಾನೆ,
ಲೆಕ್ಕ ಚುಕ್ತಾ ಆಗಲಿ, ಅಂದ ರೈಟರ್.
ನಾನು ಅರ್ಜಿ ಚಾಚಿದೆ. ಓದಿದ.
ಸೀಲಿನ ‘ಸಂತ’ದ ಹತ್ತಿರ ತಡೆದು ತಲೆಯೆತ್ತಿದ.
ಎದುರಿಗೆ ಎಂಟು ಮುಖ:
ಅವನ ಮನೆಯ ವೈರು, ಬಾವಿ, ಗೋಡೆ,
ಅವನ ತಂಗಿಯ ಮದುವೆಯ ಊಟ.
ಒಯ್ಯಿರಿ, ಅಂದ.

ಹೊರಲು ಬರಲಿಲ್ಲ ನಮಗೆ.
ಒಬ್ಬೊಬ್ಬರೇ ದುಡಿದು ಪಳಗಿದ ಹೆಗಲು;
ಮುಂದಿದ್ದ ಪೌಲಿಗೆ ಅವಸರ,
ಹಿಂದಿದ್ದ ಗೌಸ್‌ಗೆ ಬೀಡಿಯ ನೆನಪು.
ಗೇಟಿನ ತಿರುವಲ್ಲಿ ಬೆಳ್ಯಪ್ಪ ಚರಂಡಿಗೆ ಇಳಿದ.
ಆಗ ಸೆಲ್ವಿ, ಬಾಣಲಿ ದಾಟಿಸುವಾಗಿನ ದನಿಯಲ್ಲಿ,
ಒಣ್ಣು, ರೆಂಡು, ಒಣ್ಣು, ರೆಂಡು.
ಬಿದಿರು ಒಂದು ಸಲ ತೂಗಿ
ಹೆಜ್ಜೆಗೆ ಒಗ್ಗಿತು.

ಸರ್ಕಲ್ಲಿನಲ್ಲಿ ಬಸ್ಸು ನಿಂತಿತು, ಲಾರಿ ನಿಂತಿತು.
ಪೊಲೀಸ ಕೇಳಿದ: ಯಾರದ್ರೀ ಇದು ಏಣಿ?
ಸ್ವಂತದ್ದು, ಅಂದೆವು,
ಎಂಟು ಬಾಯಲ್ಲೂ, ಒತ್ತು ಸಮೇತ.

ಫಾರಂ ಮೂರನೆಯ ಸಲ ಹೋಗಿದೆ, ಏಳನೆಯ ಕಾಲಂ ಖಾಲಿ.
ಏಣಿ ಕೋಣೆಯಲ್ಲಿ ಹಿಡಿಸದೆ ಮೆಟ್ಟಿಲ ಪಕ್ಕ ಮಲಗಿದೆ;
ಅಕ್ಕಿಗೆ ಬಂದವರು ಕಾಲೆತ್ತಿ ದಾಟುತ್ತಾರೆ.
ಹೊಸ ಸೀಲಿಗೆ ಮುನ್ನೂರೈವತ್ತು ಬೇಕು.
ಪೌಲಿಯದು ಎರಡು ತಿಂಗಳ ಚಂದಾ ಬಾಕಿ.