ಗೂಡಿನಲ್ಲಿಟ್ಟ ದಾರಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ.
ಹರಾಜಿನ ಗಂಟೆ ಹೊಡೆದು ಏಳು ನಿಮಿಷ.
ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ.
‘ಏನಮ್ಮಾ ಮುಬೀನಾ, ಹುಳ ಚಿಟ್ಟೆಯಾಗಿ ಹಾರೋವರೆಗೂ ಕಾಯೋದಾ?’
ರೀಲರ್ ಬಾಬಾಜಾನ್ ಕಿಟಕಿಯ ಸರಳಿಗೆ
ಮೊಬೈಲು ಬಡಿಯುತ್ತಾರೆ.

ಯಂತ್ರ ಕೆಟ್ಟಿಲ್ಲ, ನನಗೆ ಗೊತ್ತು.
ಅದು ನಡೆಯುತ್ತಿದೆ,
ಯಾವುದೋ ಹಳೆಯ ದಾರಿ ಹಿಡಿದು.

ಕೇಳಿದ ಪ್ರಶ್ನೆಗೆ ಒಮ್ಮೆ ದಾರಿ ಹುಡುಕಿದ ಮೇಲೆ
ಅದನ್ನು ಮಡಿಸಿ ಗೂಡಿನಲ್ಲಿಟ್ಟುಕೊಳ್ಳುತ್ತದೆ ಡೇಟಾಬೇಸು,
ನಮ್ಮ ನಾನಿ ಗೋಡೆಗೂಡಿನಲ್ಲಿ
ಸುಣ್ಣದ ಡಬ್ಬಿ ಇಟ್ಟ ಹಾಗೆ.
ಮತ್ತೆ ಬೇಕಾದರೆ ಯೋಚಿಸಬೇಕಿಲ್ಲ,
ಕತ್ತಲಲ್ಲೂ ಕೈ ಹೋಗುತ್ತದೆ.

ಆ ಗೂಡಿಗೆ ಕೈ ಹಾಕಿ
ಒಂದೊಂದೇ ಎಳೆದು ನೋಡಿದೆ:
ಹುಟ್ಟಿದ್ದು ಯಾವಾಗ, ನಡೆದದ್ದು ಎಷ್ಟು ಸಲ,
ಕೊನೆಯ ಸಲ ಯಾವಾಗ,
ತಿಂದದ್ದು ಎಷ್ಟು ಹೊತ್ತು.
ಅರ್ಧಕ್ಕರ್ಧ ಒಂದೇ ಸಲ ನಡೆದು ಬಿಟ್ಟ ದಾರಿಗಳು.
ಲಾಟು ನಲವತ್ತೊಂದು, ಲಾಟು ನಲವತ್ತೆರಡು,
ಅಂಕಿ ಬದಲಾದರೆ, ಒಂದು ಖಾಲಿ ಜಾಗ ಹೆಚ್ಚಾದರೆ
ಅದಕ್ಕೆ ಬೇರೆಯದೇ ಪ್ರಶ್ನೆ.
ಎಳೆ ಸಿಗದ ಗೂಡುಗಳ ಹಾಗೆ
ರಾಶಿ ಬಿದ್ದಿದ್ದವು.

ನೂರ ಹದಿಮೂರನೆಯ ಸಾಲಿನಲ್ಲಿ ಸಿಕ್ಕಿತು.
ಹುಟ್ಟಿದ್ದು ಬೆಳಿಗ್ಗೆ ಆರೂ ಹದಿನೆಂಟಕ್ಕೆ.
ಮೊದಲು ಕೇಳಿದವರು ಗಂಜಿಗುಂಟೆಯ ಅಕ್ಕಯಮ್ಮ.
ಪ್ರಶ್ನೆ: ಈ ಹೆಸರಿನ ಲೆಕ್ಕ ತೋರಿಸು.
ಅವರದು ಹುಟ್ಟಾ ಎರಡು ಲಾಟು.
ಎರಡಕ್ಕೆ ಸರಿಯಾದ ದಾರಿಯೇ ಅದು:
ಹೋಗು, ಒಂದು ತಾ. ಹೋಗು, ಇನ್ನೊಂದು ತಾ.

ಹನ್ನೊಂದಕ್ಕೆ ಅದೇ ಪ್ರಶ್ನೆ, ಹೆಸರು ಬಾಬಾಜಾನ್.
ಹದಿನೈದು ವರ್ಷದ ಕೊಳ್ಳಾಟ, ನಲವತ್ತು ಸಾವಿರ ಲಾಟು.
ಹೋಗು, ಒಂದು ತಾ.
ಹೋಗು, ಇನ್ನೊಂದು ತಾ.
ಹೋಗು.

ಅಕ್ಕಯಮ್ಮನ ತಪ್ಪೇನಿದೆ.
ಮೊದಲ ಬಸ್ಸಿಗೆ ಬಂದರು, ಅಷ್ಟೇ.

ನನಗಿಂತ ಮುಂಚೆ ಇದ್ದ ಪ್ರಭಂಜನ
ಇಂಥ ಹೊತ್ತಲ್ಲಿ ಗೂಡನ್ನೇ ಗುಡಿಸಿಬಿಡುತ್ತಿದ್ದನಂತೆ.
ಆಮೇಲೆ ಇಡೀ ಮಾರುಕಟ್ಟೆ
ಅಆಇಈಯಿಂದ ಕಲಿಯಬೇಕು, ಅದೂ ಹರಾಜಿನ ನಡುವೆ.
ನಾನು ಒಂದನ್ನು ಮಾತ್ರ,
ಅದರ ಮಾರುದ್ದದ ಗುರುತನ್ನು ಅಕ್ಷರ ಬಿಡದೆ ಓದಿ,
ಎರಡನೇ ಸಲ ಓದಿ,
ಅಳಿಸಿದೆ.

ಚಕ್ರ ನಿಂತಿತು.
ಬಾಬಾಜಾನ್ ಏನೂ ಹೇಳಲಿಲ್ಲ,
ಆಗಲೇ ಬೆಲೆ ಒತ್ತುತ್ತಿದ್ದರು.
ನಾಳೆ ಮೊದಲು ಯಾರು ಬರುತ್ತಾರೋ.
ನೋಟುಬುಕ್ಕಿನಲ್ಲಿ ಸಮಯ ಬರೆದಿಟ್ಟೆ.

ಸಂಜೆ ಬೀಗ ಹಾಕಿ
ಜವಾನ ಗಂಗುಲಪ್ಪನವರ ಹಿಂದೆ ಗೇಟಿನ ಕಡೆಗೆ.
ತಕ್ಕಡಿ ಕಟ್ಟೆಯ ಪಕ್ಕದ ಹೊಂಗೆ ಮರ ಕಡಿದು
ಆರು ವರ್ಷವಂತೆ. ಬುಡವೂ ಇಲ್ಲ, ಬರೀ ಸಿಮೆಂಟು.
ಅಲ್ಲಿಗೆ ಬಂದಾಗ ಅವರು ಎಡಕ್ಕೆ ಸರಿದರು,
ಕೊಂಬೆ ತಾಗದ ಹಾಗೆ ತಲೆ ತಗ್ಗಿಸಿದರು,
ಬಳಸಿಕೊಂಡು ಮುಂದೆ ಹೋದರು.

ನಾನು ಈ ಕೆಲಸಕ್ಕೆ ಸೇರಿ ಮೂರೇ ವರ್ಷ.
ಆ ಮರವನ್ನು ನೋಡಿಯೇ ಇಲ್ಲ.
ನಾನೂ ತಲೆ ತಗ್ಗಿಸಿದೆ.